‘ಪರವಾಗಿಲ್ಲ’ ಅಂದರೆ ಎಷ್ಟು ಅಂಕ?

ಎಲ್ಲರಿಗೂ ನಮಸ್ಕಾರ. ಹೊರಗೆ ಮೋಡ ಕಟ್ಟಿದೆ, ಹಾಗಾಗಿ ಜಾಸ್ತಿ ಎಳೆಯುವುದಿಲ್ಲ.

ಮೊದಲು ಒಂದು ಏಣಿ ನೆನೆಸಿಕೊಳ್ಳಿ. ಕೆಳಗೆ ಸೊನ್ನೆ, ತುದಿಯಲ್ಲಿ ಹತ್ತು. ನಿಮ್ಮ ಬದುಕು ಎಷ್ಟು ಚೆನ್ನಾಗಿರಲು ಸಾಧ್ಯವೋ ಅದು ಹತ್ತು. ಎಷ್ಟು ಕೆಡಲು ಸಾಧ್ಯವೋ ಅದು ಸೊನ್ನೆ. ಈಗ ನೀವು ಎಷ್ಟನೇ ಮೆಟ್ಟಿಲ ಮೇಲಿದ್ದೀರಿ? ಜೋರಾಗಿ ಹೇಳಬೇಡಿ, ಪಕ್ಕದಲ್ಲಿ ಮನೆಯವರು ಕೂತಿರಬಹುದು.

ಇದು ಹ್ಯಾಡ್ಲಿ ಕ್ಯಾಂಟ್ರಿಲ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರ ಪ್ರಶ್ನೆ. 1965ರಲ್ಲಿ ಅವರ ಪುಸ್ತಕದಲ್ಲಿ ಬಂತು. ಪ್ರತಿ ಮಾರ್ಚ್ ತಿಂಗಳಲ್ಲಿ ಪೇಪರಿನಲ್ಲಿ ದೇಶಗಳ ‘ಸಂತೋಷದ ಪಟ್ಟಿ’ ಬರುತ್ತದಲ್ಲ, ಅದರ ಬುಡದಲ್ಲಿರುವುದು ಇದೊಂದೇ ಪ್ರಶ್ನೆ. ಗ್ಯಾಲಪ್ ಸಂಸ್ಥೆಯವರು ದೇಶಕ್ಕೆ ವರ್ಷಕ್ಕೆ ಸುಮಾರು 1000 ಜನರನ್ನು ಕೇಳುತ್ತಾರೆ. ಮೂರು ವರ್ಷದ ಉತ್ತರ ಸೇರಿಸಿ ಸರಾಸರಿ ತೆಗೆಯುತ್ತಾರೆ. ಆದಾಯ, ಆಯಸ್ಸು, ಲಂಚ ಇವೆಲ್ಲ ಆ ಅಂಕ ಯಾಕೆ ಹಾಗಿದೆ ಎಂದು ಆಮೇಲೆ ವಿವರಿಸಲು ಮಾತ್ರ. 2018ರಿಂದ 2025ರವರೆಗೆ ಎಂಟು ಸಲವೂ ಫಿನ್ಲೆಂಡ್ ಮೊದಲು. 2025ರಲ್ಲಿ 147 ದೇಶಗಳ ಪೈಕಿ ನಮ್ಮದು 118ನೇ ಸ್ಥಾನ.

ಆ ಸುದ್ದಿ ಓದಿದ ಮೇಲೆ ಅರಸೀಕೆರೆ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ಚಿಕ್ಕಮ್ಮನಿಗೆ ಏಣಿಯ ಪ್ರಶ್ನೆ ಕೇಳಿದೆ. ಹಿಂದಿನ ರಾತ್ರಿ ನೆನೆಹಾಕಿದ ಅವರೆಕಾಳು ಹಿತುಕುತ್ತಾ ಕೂತಿದ್ದರು. ಕಾಳು ಪುಳಕ್ಕಂತ ಬಟ್ಟಲಿಗೆ, ಸಿಪ್ಪೆ ಮೊರಕ್ಕೆ. ಕೈ ನಿಲ್ಲಿಸದೆ “ಐದು ಅಂತ ಬರ್ಕೋ” ಅಂದರು.

“ಯಾಕೆ ಚಿಕ್ಕಮ್ಮ, ಮನೆ ಆಯ್ತು, ಮಗನಿಗೆ ಕೆಲಸ ಆಯ್ತು, ಏಳಾದ್ರೂ ಬೇಡ್ವಾ?”

“ಏಳು ಅಂತ ಬಾಯಿಬಿಟ್ಟು ಹೇಳ್ತಾರೇನೋ? ದೃಷ್ಟಿ ಆಗಲ್ವಾ?”

ನಾನು ನಕ್ಕೆ. ಆಮೇಲೆ ಯೋಚನೆ ಹತ್ತಿತು. ಹೇಗಿದ್ದೀರಿ ಅಂತ ಕೇಳಿದರೆ ನಮ್ಮ ಉತ್ತರ ಏನು? “ಪರವಾಗಿಲ್ಲ.” “ಏನೋ ನಡೀತಿದೆ.” ಮಗಳ ಮದುವೆ ಆದವರೂ, ಅಡಿಕೆಗೆ ಒಳ್ಳೆ ರೇಟು ಸಿಕ್ಕವರೂ ಇದನ್ನೇ ಹೇಳುತ್ತಾರೆ. ಕಷ್ಟದಲ್ಲಿರುವವರೂ ಇದನ್ನೇ ಹೇಳುತ್ತಾರೆ. ಈ ಪರವಾಗಿಲ್ಲಕ್ಕೆ ಎಷ್ಟು ಅಂಕ ಕೊಡೋಣ?

ಇನ್ನೊಂದು ತೊಡಕು ಪದದ್ದು. ನಮಗೆ ಸುಖ ಬೇರೆ, ಖುಷಿ ಬೇರೆ, ನೆಮ್ಮದಿ ಬೇರೆ. ಸುಖವಾಗಿದ್ದೂ ನೆಮ್ಮದಿ ಇಲ್ಲದವರು ಬೀದಿಗೊಬ್ಬರು ಸಿಗುತ್ತಾರೆ. ಏಣಿಯ ಪ್ರಶ್ನೆಯಲ್ಲಂತೂ ಸಂತೋಷ ಎಂಬ ಮಾತೇ ಇಲ್ಲ, ಗಮನಿಸಿದಿರಾ? ಅದು ಕೇಳುವುದು ಬದುಕಿಗೆ ನೀವು ಹಾಕುವ ಬೆಲೆಯನ್ನು. ಪೇಪರಿನವರು ತಲೆಬರಹದಲ್ಲಿ ಸುಮ್ನೆ ಸಂತೋಷ ಅಂತ ಹಾಕಿಬಿಡುತ್ತಾರೆ.

ಸರಿ, ಬದುಕಿನ ಲೆಕ್ಕ ಬೇಡ, ಗಳಿಗೆ ಗಳಿಗೆಯ ಅನುಭವವನ್ನೇ ಅಳೆಯೋಣ ಅಂದರೆ? ಅಲ್ಲೂ ಒಂದು ತಮಾಷೆ ಇದೆ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಮತ್ತು ಸಂಗಡಿಗರು 1993ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಸಲ 14 ಡಿಗ್ರಿ ತಣ್ಣೀರಿನಲ್ಲಿ 60 ಸೆಕೆಂಡ್ ಕೈ ಇಡಬೇಕು. ಇನ್ನೊಂದು ಸಲ ಅದೇ 60 ಸೆಕೆಂಡ್, ಜೊತೆಗೆ ಇನ್ನೂ 30 ಸೆಕೆಂಡ್. ಆ ಕೊನೆಯ ಹೊತ್ತಿನಲ್ಲಿ ನೀರು ನಿಧಾನವಾಗಿ 15 ಡಿಗ್ರಿಗೆ ಏರುತ್ತದೆ, ಕೊರೆತ ಚೂರು ಕಮ್ಮಿ. ಮತ್ತೆ ಮಾಡಬೇಕಾದರೆ ಯಾವುದು ಬೇಕು? ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು! ಒಟ್ಟು ನೋವು ಅದರಲ್ಲೇ ಜಾಸ್ತಿ. ಆದರೆ ನೆನಪು ಕೂಡಿಸಿ ಲೆಕ್ಕ ಹಾಕುವುದಿಲ್ಲ, ಕೊನೆಯನ್ನು ಹಿಡಿದುಕೊಳ್ಳುತ್ತದೆ. ಮದುವೆಗೆ ಹೋಗಿ ಹೋಳಿಗೆ ಊಟ ಮಾಡಿ, ಹೊರಡುವಾಗ ಚಪ್ಪಲಿ ಕಳೆದುಕೊಂಡು ನೋಡಿ. ಮನೆಗೆ ಬಂದು ಹೇಳುವುದು ಚಪ್ಪಲಿ ಕಥೆಯನ್ನೇ.

ಅಳೆಯುವ ಹುಚ್ಚು ಹೊಸದಲ್ಲ. ತೈತ್ತಿರೀಯ ಉಪನಿಷತ್ತಿನಲ್ಲೇ ಆನಂದದ ಲೆಕ್ಕ ಇದೆ. ಓದಿದ, ಗಟ್ಟಿಮುಟ್ಟಾದ ಒಳ್ಳೆಯ ಯುವಕ, ಭೂಮಿಯ ಸಂಪತ್ತೆಲ್ಲ ಅವನದೇ. ಅದು ಮನುಷ್ಯನ ಒಂದು ಆನಂದ. ಅದರ ನೂರರಷ್ಟು ಮನುಷ್ಯಗಂಧರ್ವರಿಗೆ, ಅದರ ನೂರರಷ್ಟು ದೇವಗಂಧರ್ವರಿಗೆ, ಹೀಗೆ ಇಂದ್ರ, ಬೃಹಸ್ಪತಿ ದಾಟಿ ಬ್ರಹ್ಮನವರೆಗೆ ಗುಣಿಸುತ್ತಾ ಹೋಗುತ್ತದೆ. ಒಂದರ ಮುಂದೆ ಇಪ್ಪತ್ತು ಸೊನ್ನೆ! ಆದರೆ ಮೆಟ್ಟಿಲು ಏರಿದಾಗಲೆಲ್ಲ ಒಂದು ಮಾತು ಸೇರಿಸುತ್ತದೆ: ಆಸೆಯ ಏಟು ಬೀಳದ ವೇದಜ್ಞನಿಗೂ ಇಷ್ಟೇ ಆನಂದ. ಇಷ್ಟುದ್ದದ ಏಣಿ ಕಟ್ಟಿ, ಕೆಳಗೆ ನಿಂತವನ ಕೈಗೂ ತುದಿ ಸಿಗುವ ಹಾಗೆ ಮಾಡಿದವರ ಜಾಣತನ ನನಗೆ ಬಹಳ ಇಷ್ಟ.

ಹಾಗಾದರೆ ಈ ಸಂತೋಷದ ಪಟ್ಟಿಯವರ ಅಂಕಿಗಳೆಲ್ಲ ಸುಳ್ಳೇ? ಅಲ್ಲ. ನನಗೆ ನಂಬಿಕೆ ಇಲ್ಲದ್ದು ರ್‍ಯಾಂಕಿನ ಮೇಲೆ. ದೃಷ್ಟಿಯ ಭಯ ಚಿಕ್ಕಮ್ಮನಿಗೊಬ್ಬರಿಗೇ ಇದ್ದಿದ್ದರೆ ಸಾವಿರ ಜನರ ಸರಾಸರಿಯಲ್ಲಿ ಕರಗಿ ಹೋಗುತ್ತಿತ್ತು. ಊರಿಗೆ ಊರೇ ಹಾಗಿದ್ದರೆ ಕರಗುವುದಿಲ್ಲ. ಆಗ ನಮ್ಮ ನಾಲ್ಕು ಚಿಲ್ಲರೆಯನ್ನು ಫಿನ್ಲೆಂಡಿನ ಏಳು ಚಿಲ್ಲರೆಯ ಪಕ್ಕ ಇಟ್ಟು ಏನು ಹೇಳುವುದು? ಆದರೆ ಅದೇ ಜನರನ್ನು ವರ್ಷ ವರ್ಷ ಕೇಳುತ್ತಾ ಹೋದರೆ ವಿಷಯ ಬೇರೆ. ಜರ್ಮನಿಯಲ್ಲಿ 1984ರಿಂದ ಹೀಗೆ ಅವೇ ಮನೆಗಳಿಗೆ ಹೋಗಿ ಕೇಳುತ್ತಿದ್ದಾರೆ. ಕೆಲಸ ಹೋದವರ ಅಂಕ, ಹೋದ ಸಂಬಳದ ಲೆಕ್ಕಕ್ಕಿಂತ ಜಾಸ್ತಿ ಕುಸಿಯುತ್ತದೆ ಎಂದು ಗೊತ್ತಾದದ್ದು ಅದರಿಂದ. ದುಡ್ಡಿನ ಜೊತೆ ಇನ್ನೇನೋ ಹೋಗಿರುತ್ತದೆ ಅಂತ ಆಯ್ತಲ್ವಾ?

ಕಳೆದ ತಿಂಗಳು ಚಿಕ್ಕಮ್ಮನಿಗೆ ಫೋನ್ ಮಾಡಿದ್ದೆ. ತಮಾಷೆಗೆ ಕೇಳಿದೆ, “ಈಗ ಎಷ್ಟನೇ ಮೆಟ್ಟಿಲು?” ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ “ಮೂರು ಅಂತ ಬರ್ಕೋ” ಅಂದರು. ಮಾರನೇ ದಿನ ಬೆಳಿಗ್ಗೆ ಬಸ್ ಹತ್ತಿದೆ. ದಿನಾ ಸಂಜೆ ಜಗುಲಿಗೆ ಬಂದು ಕೂರುತ್ತಿದ್ದ ಪಕ್ಕದ ಮನೆಯವರು ಮನೆ ಬೀಗ ಹಾಕಿ ಮಗನ ಜೊತೆ ಮೈಸೂರಿಗೆ ಹೋಗಿದ್ದರು. ಚಿಕ್ಕಮ್ಮ ನನ್ನನ್ನು ನೋಡಿ, “ಇಷ್ಟಕ್ಕೆಲ್ಲಾ ಬರ್ತಾರೇನೋ” ಅಂತ ಬೈದು ಕಾಫಿಗೆ ನೀರಿಟ್ಟರು.

ಮಳೆ ಶುರುವಾಯಿತು. ಪ್ರಶ್ನೆಗಳಿದ್ದರೆ ಕೇಳಿ.