ಬಾಯ್ಲರ್ ತಪಾಸಣೆಯ ದಿನ: 24 ವೋಲ್ಟಿನ ಒಂದು ಬಲ್ಬಿಗಾಗಿ ಮಲ್ಪೆವರೆಗೆ

ನಮಸ್ಕಾರ. ಹಿಂದೆ ಕಾಣುತ್ತಿರುವುದು ನಮ್ಮ ಕುಚ್ಚಲಕ್ಕಿ ಮಿಲ್. ಬ್ರಹ್ಮಾವರದ ಕಡೆ. ಚಿಮಣಿಯಲ್ಲಿ ಹೊಗೆ ಇಲ್ಲ, ನೋಡಿ. ನಾನು ಹುಟ್ಟಿದಾಗಿನಿಂದ ಈ ಚಿಮಣಿ ಸುಮ್ಮನೆ ನಿಂತದ್ದನ್ನು ನೋಡಿದ್ದು ವರ್ಷಕ್ಕೆ ಮೂರ್ನಾಲ್ಕು ದಿನ ಮಾತ್ರ. ಇವತ್ತು ಬಾಯ್ಲರ್ ತಪಾಸಣೆ. ಬಾಯ್ಲರ್ ಅಂದರೆ ನೀರು ಕುದಿಸಿ, ಭತ್ತ ಬೇಯಿಸಲು ಆವಿ ಮಾಡಿಕೊಡುವ ದೊಡ್ಡ ಕಬ್ಬಿಣದ ಡ್ರಮ್. ಇಲಾಖೆಯಿಂದ ಇನ್‌ಸ್ಪೆಕ್ಟರ್ ಬರುತ್ತಾರೆ.

ಇಲಾಖೆಯ ಹೆಸರು ಉದ್ದ ಇದೆ. ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ. ನಾವು ಮಿಲ್ಲಿನವರು ಅಷ್ಟೆಲ್ಲ ಹೇಳುವುದಿಲ್ಲ. ‘ಬಾಯ್ಲರ್ ಸರ್ ಬರ್ತಾರೆ’ ಅಂದರೆ ಮುಗಿಯಿತು.

ಇವರು ಬಾಯ್ಲರ್ ಅಣ್ಣ. ಎಲ್ಲರೂ ಇವರನ್ನು ಕರೆಯುವುದೇ ಹಾಗೆ. ಬಾಯ್ಲರ್ ಅಟೆಂಡೆಂಟ್, ಎರಡನೇ ದರ್ಜೆಯ ಸರ್ಟಿಫಿಕೇಟ್ ಇದೆ. ಇವರು ಇಲ್ಲದೆ ಬೆಂಕಿ ಹಾಕುವ ಹಾಗಿಲ್ಲ, ಅದು ಕಾನೂನು. ಶುಕ್ರವಾರ ಸಂಜೆ ಬೆಂಕಿ ಆರಿಸಿದರು. ಬಿಸಿ ಇಳಿಯಲು ಒಂದೂವರೆ ದಿನ ಬೇಕಾಯಿತು. ನಿನ್ನೆ ಇಬ್ಬರು ಒಳಗೆ ಇಳಿದು ಸ್ಕೇಲ್ ಕೆರೆದರು. ಸ್ಕೇಲ್ ಅಂದರೆ ಈ ಬಿಳಿ ಚಕ್ಕೆ. ನಿಮ್ಮ ಮನೆಯ ಗೀಸರಿನಲ್ಲೂ ಕಟ್ಟುತ್ತದೆ. ಇದು ದಪ್ಪ ಆದರೆ ಕಬ್ಬಿಣದ ಬಿಸಿಯನ್ನು ನೀರು ಎಳೆದುಕೊಳ್ಳುವುದಿಲ್ಲ. ಕಬ್ಬಿಣ ಕಾದು ಮೆತ್ತಗಾಗಿ ಉಬ್ಬುತ್ತದೆ. ಆಮೇಲೆ ಏನಾಗುತ್ತದೆ ಅನ್ನುವುದನ್ನು ಹೇಳಬೇಕಾಗಿಲ್ಲ. ಒಂದು ಲೀಟರ್ ನೀರು ಕುದಿದು ಆವಿಯಾದರೆ ಅದಕ್ಕೆ ಸುಮಾರು 1,600 ಲೀಟರಿನಷ್ಟು ಜಾಗ ಬೇಕು. ಡ್ರಮ್ಮಿನ ಒಳಗೆ ಎಷ್ಟೋ ಲೀಟರ್ ಇರುತ್ತದೆ.

ಈ ಬಾಗಿಲು ಗಮನಿಸಿ. ಮ್ಯಾನ್‌ಹೋಲ್. ದುಂಡಗೆ ಇಲ್ಲ, ಮೊಟ್ಟೆಯ ಆಕಾರ. ಚಿಕ್ಕವಳಿದ್ದಾಗ ಸುಮ್ನೆ ಚೆಂದಕ್ಕೆ ಮಾಡಿದ್ದಾರೆ ಅಂದುಕೊಂಡಿದ್ದೆ. ಹಾಗಲ್ಲ. ಮುಚ್ಚಳ ಕೂರುವುದು ಒಳಗಡೆಯಿಂದ. ಒಳಗಿನ ಒತ್ತಡವೇ ಅದನ್ನು ಬಿಗಿ ಮಾಡುತ್ತದೆ. ಆದರೆ ತೂತಿಗಿಂತ ದೊಡ್ಡ ಮುಚ್ಚಳವನ್ನು ಒಳಗೆ ಹಾಕುವುದು ಹೇಗೆ? ಮೊಟ್ಟೆಯ ಆಕಾರ ಇದ್ದರೆ ಓರೆ ಮಾಡಿ ತೂರಿಸಬಹುದು. ಇದನ್ನು ಯೋಚಿಸಿದವರು ಬಹಳ ಬುದ್ಧಿವಂತರು.

ಸರ್ ಬಂದರು. ಮುಖ ತೋರಿಸಬೇಡಿ ಅಂದಿದ್ದಾರೆ, ಅದಕ್ಕೇ ಕ್ಯಾಮೆರಾ ಕೆಳಗೆ ಹಿಡಿದಿದ್ದೇನೆ. ಕೈಯಲ್ಲಿ ಸಣ್ಣ ಸುತ್ತಿಗೆ, ಟಾರ್ಚ್, ಬ್ಯಾಗಿನಲ್ಲಿ ಅವರದೇ ಪ್ರೆಶರ್ ಗೇಜ್. ನಮ್ಮ ಗೇಜನ್ನು ಅವರು ನಂಬುವುದಿಲ್ಲ. ನಂಬಲೂಬಾರದು.

ಈಗ ಅಸಲು ವಿಷಯ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಸರ್ ಮ್ಯಾನ್‌ಹೋಲಿನಿಂದ ತಲೆ ಹಾಕಿ ಟಾರ್ಚ್ ಬಿಟ್ಟು ನೋಡಿದರು. ಹಿಂಬದಿಯ ಟ್ಯೂಬುಗಳ ನಡುವೆ ಸ್ಕೇಲ್ ಇನ್ನೂ ಇದೆ, ಯಾರಾದರೂ ಮತ್ತೆ ಇಳಿದು ತೆಗೆಯಲಿ ಅಂದರು. ಸರಿ ಅಂತ ಬಾಯ್ಲರ್ ಅಣ್ಣ ಬಲ್ಬ್ ತಂದರು. ಹಳದಿ ವೈರಿನ ತುದಿಗೆ ಹೋಲ್ಡರ್, ಅದಕ್ಕೊಂದು ಮಾಮೂಲಿ ಬಲ್ಬ್. ನೇರವಾಗಿ ಪ್ಲಗ್ಗಿಗೆ. ಸರ್ ಅದನ್ನೇ ನೋಡುತ್ತಾ ನಿಂತರು. ‘ನಿನ್ನೆ ಒಳಗೆ ಇಳಿದವರು ಇದೇ ಬೆಳಕಲ್ಲಿ ಕೆಲಸ ಮಾಡಿದ್ರಾ?’ ಅಂತ ಕೇಳಿದರು.

ಯಾರೂ ಮಾತಾಡಲಿಲ್ಲ. ಇದೇ ಬೆಳಕಲ್ಲಿ ಮಾಡಿದ್ದರು.

‘ಇಎಲ್‌ಸಿಬಿ ಇದೆ ಸರ್, ಶಾಕ್ ಹೊಡೆದರೆ ಟ್ರಿಪ್ ಆಗುತ್ತದೆ’ ಅಂದರು ಅಪ್ಪ. ಇಎಲ್‌ಸಿಬಿ ಅಂದರೆ ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್. ‘ಟೆಸ್ಟ್ ಬಟನ್ ಒತ್ತಿ ನೋಡೋಣ’ ಅಂದರು ಸರ್. ಅಪ್ಪ ಒತ್ತಿದರು. ಆಗಲಿಲ್ಲ. ಮತ್ತೆ ಒತ್ತಿದರು. ಟ್ರಿಪ್ ಆಗಲೇ ಇಲ್ಲ.

ಆ ಹೊತ್ತಿನ ಫೂಟೇಜ್ ನನ್ನ ಹತ್ತಿರ ಇಲ್ಲ, ಕ್ಯಾಮೆರಾ ಆಫ್ ಮಾಡಿದ್ದೆ. ಸರ್ ಜೋರಾಗಿ ಏನೂ ಹೇಳಲಿಲ್ಲ. ‘24 ವೋಲ್ಟಿನ ಹ್ಯಾಂಡ್ ಲ್ಯಾಂಪ್ ತನ್ನಿ. ಅದು ಬರುವವರೆಗೆ ಯಾರೂ ಒಳಗೆ ಹೋಗುವ ಹಾಗಿಲ್ಲ’ ಅಂದರು, ಅಷ್ಟೇ. ಸುತ್ತ ಕಬ್ಬಿಣ, ಮೈಯೆಲ್ಲ ಬೆವರು, ಯಾವ ಕಡೆ ತಿರುಗಿದರೂ ಲೋಹ ತಾಗುತ್ತದೆ. ಅಲ್ಲಿ 230 ವೋಲ್ಟಿನ ವೈರ್ ಒಂದು ಕಡೆ ಸುಲಿದಿದ್ದರೂ ಸಾಕು. ಹೊರಗೆ ಶಾಕ್ ಹೊಡೆದರೆ ಕೈ ಎಳೆದುಕೊಳ್ಳಬಹುದು. ಒಳಗೆ ಎಲ್ಲಿಗೆ ಎಳೆಯುವುದು? 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯಲ್ಲೇ 36ಎ ಅಂತ ಒಂದು ಕಲಂ ಇತ್ತು. ಇಂಥ ಇಕ್ಕಟ್ಟಾದ ಜಾಗದ ಒಳಗೆ 24 ವೋಲ್ಟಿಗಿಂತ ಜಾಸ್ತಿಯ ಕೈದೀಪ ಬಳಸಬಾರದು. ಬಳಸುವುದಾದರೆ ಸರಿಯಾದ ರಕ್ಷಣೆ ಇರಲೇಬೇಕು ಅಂತ. ನಮ್ಮ ರಕ್ಷಣೆ ಎಂಥದ್ದು ಅಂತ ಈಗ ತಾನೇ ಗೊತ್ತಾಗಿತ್ತಲ್ವಾ.

ಆದರೆ ನಿಜ ಹೇಳುತ್ತೇನೆ, ಆಗ ನನಗೆ ಬಂದದ್ದು ಸಿಟ್ಟು. ಒಂದು ಬಲ್ಬಿಗೆ ಇಡೀ ದಿನ ಹಾಳು ಅಂತ. ನೆನೆಹಾಕಿದ ಭತ್ತ ತೊಟ್ಟಿಯಲ್ಲಿ ಕಾಯುತ್ತಿದೆ. ಇನ್ನೊಂದು ದಿನ ಬಿಟ್ಟರೆ ಹುಳಿ ವಾಸನೆ ಬರುತ್ತದೆ.

ಸ್ಕೂಟರ್ ಶಾಟ್ ಇದು. ಒಂಬತ್ತು ಐವತ್ತಕ್ಕೆ ಹೊರಟೆ. ಬ್ರಹ್ಮಾವರದಲ್ಲಿ ಎರಡು ಅಂಗಡಿ. ಒಬ್ಬರು ಕಾರಿನ ಬಲ್ಬ್ ತೋರಿಸಿದರು, 12 ವೋಲ್ಟ್. ಇನ್ನೊಬ್ಬರು ಲಾರಿಯ ಬಲ್ಬ್ ಕೊಟ್ಟರು. ಲಾರಿಯದು 24 ವೋಲ್ಟೇ, ಆದರೆ ಬುಡ ಸಣ್ಣ, ಹೋಲ್ಡರಿಗೆ ಕೂರುವುದಿಲ್ಲ. ಉಡುಪಿಯ ದಾರಿಯಲ್ಲಿ ಸಂತೆಕಟ್ಟೆ ದಾಟಲು ಹದಿನೈದು ನಿಮಿಷ. ಉಡುಪಿಯಲ್ಲಿ ಮೂರನೇ ಅಂಗಡಿಯಲ್ಲಿ ಸಿಕ್ಕಿತು. ತಂತಿಯ ಬಲೆ ಇರುವ ಹ್ಯಾಂಡ್ ಲ್ಯಾಂಪ್, ಜೊತೆಗೆ 230ರಿಂದ 24ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್. 3,200 ರೂಪಾಯಿ. ಚೌಕಾಸಿ ಮಾಡಿದೆ, ನೂರು ರೂಪಾಯಿಯೂ ಬಿಡಲಿಲ್ಲ. ದುಡ್ಡು ಕೊಟ್ಟ ಮೇಲೆ ಹೇಳುತ್ತಾರೆ, ಬಲ್ಬ್ ಇಲ್ಲ ಅಂತ! ದೀಪ ಮಾರುತ್ತಾರೆ, ಬಲ್ಬ್ ಇಟ್ಟುಕೊಳ್ಳುವುದಿಲ್ಲ. ಇದು ಯಾವ ಸೀಮೆಯ ವ್ಯಾಪಾರ? ‘ಮಲ್ಪೆಗೆ ಹೋಗಿ, ಬೋಟಿನವರು ಹಾಕುತ್ತಾರೆ’ ಅಂದರು.

ಹೋದೆ. ಬಂದರಿನ ಹತ್ತಿರದ ಅಂಗಡಿಯಲ್ಲಿ ಒಬ್ಬರು ಅಜ್ಜ. ನಾನು ಎಲ್‌ಇಡಿ ಕೇಳಿದೆ. ‘ಯಾವುದಕ್ಕೆ ಮಗಾ?’ ಅಂದರು. ಹೇಳಿದೆ. ‘ಎಲ್‌ಇಡಿ ಬೇಡ. ನನ್ನ ಹತ್ತಿರ ಇರುವುದು ಬೋಟಿನ ಬ್ಯಾಟರಿಗೆ ಹಾಕುವ ಡಿಸಿಯದ್ದು, ನಿನ್ನ ಟ್ರಾನ್ಸ್‌ಫಾರ್ಮರ್ ಕೊಡುವುದು ಎಸಿ. ಫಿಲಮೆಂಟ್ ಬಲ್ಬ್ ಒಯ್ಯಿ, ಅದು ಎರಡಕ್ಕೂ ಉರಿಯುತ್ತದೆ.’ ಎರಡು ಬಲ್ಬಿಗೆ 120 ರೂಪಾಯಿ. ಆ ಅಜ್ಜನಿಗೆ ನನ್ನ ನಮಸ್ಕಾರ. ಆ ದಿನ ಸರಿಯಾದ ಮಾತು ಹೇಳಿದ ಮೊದಲ ಅಂಗಡಿಯವರು ಅವರು. ಸಮುದ್ರದ ಶಾಟ್ ಒಂದು ತೆಗೆದೆ, ಇಷ್ಟೇ ಇದೆ, ಮುಗಿಯಿತು. ವಾಪಸ್ ಮಿಲ್ಲಿಗೆ.

ಒಂದು ಗಂಟೆ ಆಗಿತ್ತು. ಸರ್ ಹೋಗಿರಲಿಲ್ಲ! ಅಷ್ಟರಲ್ಲಿ, ಒತ್ತಡ ಮಿತಿ ಮೀರಿದರೆ ಆವಿಯನ್ನು ಹೊರಗೆ ಬಿಡುವ ಸೇಫ್ಟಿ ವಾಲ್ವ್ ಎರಡನ್ನೂ ಬಿಚ್ಚಿಸಿ ನೋಡಿದ್ದರು, ಗೇಜ್ ಹೋಲಿಸಿದ್ದರು, ನೀರಿನ ಮಟ್ಟ ತೋರಿಸುವ ಗಾಜು ಬದಲಿಸಿ ಅಂತ ಬರೆದಿದ್ದರು. ಈಗ ನನ್ನ ಚಿಕ್ಕಮ್ಮನ ಮಗ ಅವರನ್ನು ಹಿಡಿದುಕೊಂಡಿದ್ದ. ಅವನು ಮೆಕ್ಯಾನಿಕಲ್ ಮೂರನೇ ವರ್ಷ. ಈ ಕೆಲಸಕ್ಕೆ ಸೇರುವುದು ಹೇಗೆ ಅಂತ ಕೇಳುತ್ತಿದ್ದಾನೆ, ಧ್ವನಿ ಸರಿ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಬಾಯ್ಲರ್ ಕಡೆಗೆ ಮೆಕ್ಯಾನಿಕಲ್ ಥರದ ಎಂಜಿನಿಯರಿಂಗ್ ಡಿಗ್ರಿ ಬೇಕು. ಬರೀ ಡಿಗ್ರಿ ಸಾಲದು, ಬಾಯ್ಲರ್ ತಯಾರಿಕೆಯಲ್ಲೋ ನಡೆಸುವುದರಲ್ಲೋ ರಿಪೇರಿಯಲ್ಲೋ ಕೆಲಸ ಮಾಡಿದ ಅನುಭವ ಬೇಕು. ಇನ್ನೊಂದು, ಕಾರ್ಖಾನೆ ಇನ್‌ಸ್ಪೆಕ್ಟರ್ ಆದವರಿಗೆ ಯಾವ ಕಾರ್ಖಾನೆಯಲ್ಲೂ ಪಾಲು ಇರಬಾರದು, ಬಳಸುದಾರಿಯ ಪಾಲೂ ಇರಬಾರದು. ‘ಹಾಗಾದರೆ ಈ ಮಿಲ್ಲು?’ ಅಂದ ಅವನು. ‘ನಿನ್ನದಲ್ಲವಲ್ಲ, ನಮ್ಮದು’ ಅಂದೆ.

ಸರ್ ಅವನಿಗೆ ಹೇಳಿದ ಇನ್ನೊಂದು ಮಾತು ನನಗೆ ಹಿಡಿಸಿತು. ಕಲ್ಕತ್ತೆಯಲ್ಲಿ 1863ರಲ್ಲಿ ಒಂದು ಬಾಯ್ಲರ್ ಸಿಡಿದು ಜನ ಸತ್ತರು. ಮರುವರ್ಷ, 1864ರಲ್ಲಿ, ಬಂಗಾಳದಲ್ಲಿ ಬಾಯ್ಲರ್ ತಪಾಸಣೆಯ ಕಾನೂನು ಬಂತು. ಇಡೀ ದೇಶಕ್ಕೆ ಒಂದೇ ಕಾಯ್ದೆ ಆದದ್ದು 1923ರಲ್ಲಿ. ಅದು ನೂರು ವರ್ಷ ದಾಟಿ ನಡೆದು, 2025ರಲ್ಲಿ ಹೊಸ ಕಾಯ್ದೆ ಬಂತು. ಈ ಕೆಲಸ ಶುರುವಾದದ್ದೇ ಸತ್ತವರಿಂದ ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ.

ದೀಪ ಉರಿಯಿತು, ನೋಡಿ. ಟ್ರಾನ್ಸ್‌ಫಾರ್ಮರ್ ಹೊರಗೇ ಇರಬೇಕು, ವೈರ್ ಮಾತ್ರ ಒಳಗೆ. ಇದನ್ನೂ ಸರ್ ಎರಡು ಸಲ ಹೇಳಿದರು. ಒಳಗೆ ಇಳಿಯುತ್ತಿರುವವರು ನಿನ್ನೆಯೂ ಇಳಿದವರೇ. ನನ್ನನ್ನು ಎತ್ತಿ ಆಡಿಸಿದವರು. ಅವರ ಅಂಗಿಯ ಬೆನ್ನು ಒದ್ದೆ ಇರುವುದು ಕಾಣುತ್ತಿದೆ ಅಲ್ವಾ? ಈ ಶಾಟ್ ಎಡಿಟ್ ಮಾಡುವಾಗ ನಾಲ್ಕು ಸಲ ನೋಡಿದೆ. ನಿನ್ನೆ ಇದೇ ಒದ್ದೆ ಬೆನ್ನು, ಇದೇ ತೂತು, ಆದರೆ ಕೈಯಲ್ಲಿ ಹಳದಿ ವೈರ್. ನಾನು ಪಕ್ಕದಲ್ಲೇ ಕೂತು ಚಹಾ ಕುಡಿಯುತ್ತಿದ್ದೆ. ಬೆಳಿಗ್ಗೆ ಬಂದ ಸಿಟ್ಟನ್ನು ವಾಪಸ್ ತೆಗೆದುಕೊಂಡಿದ್ದೇನೆ. ಸರ್ ಕೈಯಲ್ಲಿ ಅವರದೇ ಟಾರ್ಚ್ ಇತ್ತು. ತನ್ನ ಕೆಲಸ ಮುಗಿಸಿ ಸಹಿ ಹಾಕಿ ಹೋಗಬಹುದಿತ್ತು. ಅವರು ಕಾದದ್ದು ಇವರಿಗಾಗಿ.

ಹಾಗಂತ ವ್ಯವಸ್ಥೆ ಎಲ್ಲ ಸರಿ ಇದೆ ಅಂತ ನಾನು ಹೇಳುವುದಿಲ್ಲ. ನಮ್ಮಂಥ ಬಾಯ್ಲರಿಗೆ ಸರ್ಟಿಫಿಕೇಟ್ 12 ತಿಂಗಳಿಗೆ. ಉಳಿದ ಅಷ್ಟೂ ದಿನ ನೋಡುವವರು ಯಾರು? ಆ ಟೆಸ್ಟ್ ಬಟನ್ ಒತ್ತುವುದು ನಮ್ಮ ಕೆಲಸ ಆಗಿತ್ತು.

ಸಂಜೆ ನಾಲ್ಕು. ಹೈಡ್ರಾಲಿಕ್ ಟೆಸ್ಟ್. ಬಾಯ್ಲರ್ ತುಂಬ ನೀರು, ಗಾಳಿ ಪೂರ್ತಿ ಹೊರಗೆ, ಆಮೇಲೆ ಕೈಪಂಪಿನಿಂದ ಒತ್ತಡ ಏರಿಸುವುದು. ದಿನಾ ನಡೆಸುವ ಒತ್ತಡಕ್ಕಿಂತ ಜಾಸ್ತಿ. ಆವಿಯಲ್ಲಿ ಯಾಕೆ ಮಾಡುವುದಿಲ್ಲ ಅಂದರೆ, ನೀರು ಅಷ್ಟಾಗಿ ಕುಗ್ಗುವುದಿಲ್ಲ. ಎಲ್ಲಾದರೂ ಬಿರುಕು ಇದ್ದರೆ ನೀರು ಚಿಮ್ಮಿ ಒತ್ತಡ ಇಳಿದುಬಿಡುತ್ತದೆ, ಸಿಡಿಯುವುದಿಲ್ಲ. ಮುಳ್ಳು ನೋಡಿ, ಅಲ್ಲಾಡಲಿಲ್ಲ. ಬಾಯ್ಲರ್ ಅಣ್ಣನ ಮುಖ ನೋಡಿ ಈಗ.

ಸ್ಟೀಮ್ ಹಾಕಿ ಸೇಫ್ಟಿ ವಾಲ್ವ್ ಎಷ್ಟಕ್ಕೆ ಬಿಡುತ್ತದೆ ಅಂತ ನೋಡುವುದು ಗುರುವಾರ. ಅಷ್ಟರೊಳಗೆ ಗಾಜು ಬದಲಿಸಬೇಕು, ಹೊಸ ಇಎಲ್‌ಸಿಬಿ ಹಾಕಿಸಬೇಕು. ತೊಟ್ಟಿಯ ಭತ್ತವನ್ನು ಪಕ್ಕದ ಮಿಲ್ಲಿನವರು ಬೇಯಿಸಿಕೊಡುತ್ತೇವೆ ಅಂದಿದ್ದಾರೆ. ಹಳದಿ ವೈರನ್ನು ಅಪ್ಪ ಕತ್ತರಿಸಿ ಗುಜರಿಯ ಚೀಲಕ್ಕೆ ಹಾಕಿದರು. ಅಗೋ, ಗೇಟಿನಲ್ಲಿ ಎಲೆಕ್ಟ್ರಿಷಿಯನ್ ಹಾರ್ನ್ ಹೊಡೆಯುತ್ತಿದ್ದಾರೆ. ತೆಗೆಯಲು ಹೋಗಬೇಕು, ಕ್ಯಾಮೆರಾ ಆಫ್ ಮಾಡುತ್ತೇನೆ.