ಬೆರಳ ಮೇಲೆ ಬೆಳೆದ ಊರು, ಸಂದಿಯಲ್ಲಿ ಬೆಳೆದ ಊರು

[ಮೇಜಿನ ಮೇಲೆ ಒಂದು ನಕ್ಷೆ. ಅದರ ಮೇಲೆ ಬಲಗೈ.]

ನಮಸ್ಕಾರ. ಈ ಕೈ ನನ್ನದು. ಕೆಳಗಿರುವ ನಕ್ಷೆ ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ಊರಿನದು. ಅಂಗೈಯನ್ನು ಹಳೇ ಊರಿನ ಮೇಲೆ ಇಡುತ್ತೇನೆ. ಬೆರಳುಗಳನ್ನು ಅಗಲ ಮಾಡುತ್ತೇನೆ. ಈಗ ನೋಡಿ. ಹೆಬ್ಬೆರಳು ಕ್ಯೋಗೆ ಅನ್ನುವ ಊರಿನ ಕಡೆ. ತೋರುಬೆರಳು ರೋಸ್ಕಿಲ್ಡೆ ಕಡೆ. ನಡುಬೆರಳು ಫ್ರೆಡರಿಕ್ಸುಂಡ್, ಉಂಗುರ ಬೆರಳು ಹಿಲ್ಲೆರೋಡ್, ಕಿರುಬೆರಳು ಹೆಲ್ಸಿಂಗೋರ್.

1947ರಲ್ಲಿ ಅಲ್ಲಿನ ಯೋಜಕರು ತಮ್ಮ ಊರು ಮುಂದೆ ಹೇಗೆ ಬೆಳೆಯಬೇಕು ಅಂತ ಬರೆದ ಚಿತ್ರ ಇಷ್ಟೇ. ಒಂದು ಕೈ. ಅದಕ್ಕೇ ಅದರ ಹೆಸರು ಬೆರಳ ಯೋಜನೆ. ಇವತ್ತಿಗೂ ಆ ಊರು ಹೆಚ್ಚುಕಡಿಮೆ ಆ ಕೈಯ ಆಕಾರದಲ್ಲೇ ಇದೆ.

ಈ ವಿಡಿಯೋ ಶುರುವಾಗಿದ್ದು ಒಬ್ಬ ವೀಕ್ಷಕಿ ಕೇಳಿದ ಪ್ರಶ್ನೆಯಿಂದ. "ಮೆಟ್ರೋ ಬಂತು, ಫ್ಲೈಓವರ್ ಬಂತು. ಆದರೂ ಬೆಂಗಳೂರಲ್ಲಿ ಆಫೀಸಿಗೆ ಹೋಗಿ ಬರೋದೇ ಒಂದು ಕೆಲಸ ಆಗಿದೆ. ಐವತ್ತು ವರ್ಷದ ಪ್ಲಾನ್ ಮಾಡಿ, ಅದನ್ನ ನಿಜವಾಗ್ಲೂ ಪಾಲಿಸಿರೋ ಊರು ಅಂತ ಒಂದಾದ್ರೂ ಇದೆಯಾ?"

ಇದೆ. ಆದರೆ ಪಾಲಿಸಿದ್ದು ಹೇಗೆ ಅನ್ನುವುದು ನಾನು ಅಂದುಕೊಂಡ ಹಾಗೆ ಇರಲಿಲ್ಲ.

ಮೊದಲು ಪಾಠದ ಭಾಗ, ಬೇಗ ಮುಗಿಸಿಬಿಡೋಣ. ಊರು ಬೆಳೆದ ಹಾಗೆ ಜನ ಜಾಸ್ತಿ ಆಗುತ್ತಾರೆ, ಓಡಾಟ ಜಾಸ್ತಿ ಆಗುತ್ತದೆ. ಎಲ್ಲರೂ ಕಾರಲ್ಲಿ ಓಡಾಡಿದರೆ ಯಾವ ರಸ್ತೆಯೂ ಸಾಲುವುದಿಲ್ಲ. ಬಸ್ಸು, ರೈಲು, ಸೈಕಲ್, ಕಾಲ್ನಡಿಗೆಗೆ ಜಾಗ ಕೊಡಬೇಕು. ಇದು ನಿಮಗೆ ಗೊತ್ತಿರುವ ವಿಷಯವೇ, ಅಲ್ವಾ? ಮುಂದೆ ಹೋಗೋಣ.

[ನಕ್ಷೆಯ ಮೇಲೆ ಐದು ಕೆಂಪು ಗೆರೆ. ನಡುವೆ ಹಸಿರು.]

ಬೆರಳ ಯೋಜನೆಯ ನಿಯಮ ಒಂದೇ ಮಾತಿನದು. ಕಟ್ಟುವುದಾದರೆ ಬೆರಳ ಮೇಲೆ ಕಟ್ಟಿ. ಬೆರಳ ಸಂದಿಯಲ್ಲಿ ಕಟ್ಟಬೇಡಿ. ಬೆರಳು ಅಂದರೆ ರೈಲು ದಾರಿ. ಮಧ್ಯದಲ್ಲಿ ಮೂಳೆ ಇದ್ದ ಹಾಗೆ ಹಳಿ. ಅದರ ಗಂಟುಗಳು ಸ್ಟೇಷನ್‌ಗಳು. ಸುತ್ತ ಮಾಂಸ ತುಂಬಿಕೊಂಡ ಹಾಗೆ ಮನೆ, ಅಂಗಡಿ, ಶಾಲೆ. ಎರಡು ಬೆರಳ ನಡುವಿನ ಸಂದಿ ಹೊಲ, ಕಾಡು, ಕೆರೆ. ಹಾಗಾಗಿ ಊರಿನ ಯಾವ ಭಾಗದಲ್ಲಿ ಮನೆ ಇದ್ದರೂ ಒಂದು ಕಡೆ ರೈಲು ಹತ್ತಿರ, ಇನ್ನೊಂದು ಕಡೆ ಹಸಿರು ಹತ್ತಿರ.

ನನ್ನನ್ನು ಹಿಡಿದು ನಿಲ್ಲಿಸಿದ ವಿಷಯ ಮುಂದಿನದು. ಈ ಯೋಜನೆಯನ್ನು 1947ರಲ್ಲಿ ಯಾರೂ ಕಾನೂನು ಅಂತ ಪಾಸ್ ಮಾಡಲಿಲ್ಲ. ಪೀಟರ್ ಬ್ರೆಡ್ಸ್‌ಡಾರ್ಫ್, ಸ್ಟೀನ್ ಐಲರ್ ರಾಸ್ಮುಸೆನ್ ಮತ್ತು ಅವರ ಜೊತೆಯವರು ಬರೆದರು, ಪ್ರಕಟಿಸಿದರು. ಅದು ಒಂದು ಸಲಹೆ. ದೇಶದ ಮಟ್ಟದ ಯೋಜನಾ ಆದೇಶವಾಗಿ ಅದು ಹೊರಬಂದದ್ದು 2007ರಲ್ಲಿ. ಅಂದರೆ ಪೂರ್ತಿ 60 ವರ್ಷ ಆದ ಮೇಲೆ. ನಡುವೆ ಬೇರೆ ಬೇರೆ ಕಾಯ್ದೆಗಳ ಆಸರೆ ಸಿಕ್ಕಿತು, ಸರ್ಕಾರಗಳು ಬದಲಾದವು, ಪ್ರಾದೇಶಿಕ ಯೋಜನೆಗಳು ಬಂದು ಹೋದವು. ಕೈ ಮಾತ್ರ ಉಳಿಯಿತು.

ಹೇಗೆ ಉಳಿಯಿತು? ನನಗೆ ಅನ್ನಿಸುವುದು: ಅದು ಕೈ ಆಗಿದ್ದರಿಂದಲೇ ಉಳಿಯಿತು. ಯೋಚನೆ ಮಾಡಿ. ನಮ್ಮ ಮಾಸ್ಟರ್ ಪ್ಲಾನ್ ನಕ್ಷೆ ತೆಗೆದರೆ ಹಳದಿ, ನೀಲಿ, ನೇರಳೆ, ಕಂದು ಬಣ್ಣ. ಪಕ್ಕದಲ್ಲಿ ಸಣ್ಣ ಅಕ್ಷರದ ಪಟ್ಟಿ. ನಾನು ಮೂರು ದಿನ ಕೂತು ಓದಿದೆ. ಓದಿ ಮುಗಿಸಿದ ಮೇಲೆ ಯಾರಾದರೂ "ಏನಿದೆ ಅದರಲ್ಲಿ" ಅಂದರೆ ಒಂದು ವಾಕ್ಯದಲ್ಲಿ ಹೇಳಲು ಬರಲಿಲ್ಲ. ಕೈ ಹಾಗಲ್ಲ. ಎಂಟು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಯಾರಾದರೂ ಎರಡು ಬೆರಳ ನಡುವೆ ಒಂದು ಲೇಔಟ್ ಮಾಡಲು ಹೊರಟರೆ, ಪತ್ರಿಕೆ ಓದುವ ಸಾಮಾನ್ಯ ಮನುಷ್ಯನಿಗೂ ತಕ್ಷಣ ಕಾಣುತ್ತದೆ: ಇದು ಸಂದಿ, ಇಲ್ಲಿ ಬರಬಾರದು. ಯೋಜನೆಯನ್ನು ಕಾಯುವ ಕೆಲಸ ಕಚೇರಿಯ ಒಳಗಿನ ನಾಲ್ಕು ಜನರದ್ದಷ್ಟೇ ಆಗಿ ಉಳಿಯಲಿಲ್ಲ. ನಮ್ಮ ಊರಿಗೂ ಒಂದು ಚಿತ್ರ ಇದ್ದಿದ್ದರೆ ಅಂತ ನನಗೆ ಎಷ್ಟು ಸಲ ಅನ್ನಿಸಿದೆಯೋ.

[ಹೆಬ್ಬೆರಳ ಮೇಲೆ ಕ್ಯಾಮೆರಾ.]

ಈ ಹೆಬ್ಬೆರಳನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬೇರೆ ಬೆರಳುಗಳಿಗೆ ರೈಲು ಮೊದಲೇ ಇತ್ತು. ಕ್ಯೋಗೆ ಕಡೆಯ ಕಡಲ ತೀರದಲ್ಲಿ ಅಂಥ ರೈಲು ಇರಲಿಲ್ಲ. ಅಲ್ಲಿ ಬಹುಪಾಲು ಹೊಲ, ಬೇಸಿಗೆಯ ಪುಟ್ಟ ಮನೆಗಳು. 1960ರ ದಶಕದಲ್ಲಿ ಆ ಭಾಗಕ್ಕೇ ಅಂತ ಒಂದು ಯೋಜನೆ ಮಾಡಿದರು. ಹಳಿ ಎಲ್ಲಿ ಬರಬೇಕು, ಸ್ಟೇಷನ್ ಎಲ್ಲಿ ಬರಬೇಕು ಅಂತ ಮೊದಲೇ ಜಾಗ ಬಿಟ್ಟರು. 1972ರಲ್ಲಿ ಮೊದಲ ಭಾಗದ ರೈಲು ಓಡಿತು. 1983ರಲ್ಲಿ ಕ್ಯೋಗೆ ಮುಟ್ಟಿತು. ಎಲ್ಲವೂ ಲೆಕ್ಕ ಹಾಕಿದ ಹಾಗೇ ಆಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ಕೆಲವು ಕಡೆ ಮನೆ ಮೊದಲು ಬಂತು, ರೈಲು ಕೆಲವು ವರ್ಷ ತಡವಾಗಿ ಬಂತು. ಆದರೆ ರೈಲು ಬಂದಾಗ ಅದಕ್ಕೆ ಜಾಗ ಖಾಲಿ ಇತ್ತು.

ಈಗ ಬೆಂಗಳೂರಿಗೆ ಬರೋಣ.

[ಬೆಂಗಳೂರಿನ ರೈಲು ನಕ್ಷೆ.]

ಬೆಂಗಳೂರಿಗೂ ಐದು ಬೆರಳಿದೆ ಅಂದರೆ ನಂಬುತ್ತೀರಾ? ಎಣಿಸಿ. ಕೆಂಗೇರಿ, ಬಿಡದಿ ದಾಟಿ ಮೈಸೂರಿಗೆ ಒಂದು. ಯಶವಂತಪುರ, ಚಿಕ್ಕಬಾಣಾವರ ದಾಟಿ ತುಮಕೂರಿಗೆ ಒಂದು. ಯಲಹಂಕ, ರಾಜಾನುಕುಂಟೆ ದಾಟಿ ದೊಡ್ಡಬಳ್ಳಾಪುರಕ್ಕೆ ಒಂದು. ಕೆ.ಆರ್. ಪುರ, ವೈಟ್‌ಫೀಲ್ಡ್ ದಾಟಿ ಬಂಗಾರಪೇಟೆಗೆ ಒಂದು. ಕಾರ್ಮೆಲರಾಂ, ಹೀಲಲಿಗೆ ದಾಟಿ ಹೊಸೂರಿಗೆ ಒಂದು. ಒಂದೇ ಕಡೆಗೆ ಚಾಚಿದ ಕೈ ಅಲ್ಲ, ಸುತ್ತ ಹರಡಿದ ಬೆರಳು. ನಡುವೆ ಕವಲುಗಳೂ ಇವೆ. ಕಂಟೋನ್ಮೆಂಟ್‌ಗೆ ರೈಲು ಬಂದದ್ದು 1864ರಲ್ಲಿ. ಅಂದರೆ ಮೂಳೆ ನಮ್ಮಲ್ಲಿ ಎಂದಿನಿಂದಲೋ ಇದೆ.

ಮಾಂಸ ಎಲ್ಲಿ ಬೆಳೆಯಿತು? ಔಟರ್ ರಿಂಗ್ ರೋಡ್‌ನಲ್ಲಿ.

ರಿಂಗ್ ರೋಡ್ ಅಂದರೆ ಬೆರಳ ಉದ್ದಕ್ಕೆ ಹೋಗುವ ದಾರಿ ಅಲ್ಲ, ಬೆರಳುಗಳನ್ನು ಅಡ್ಡಕ್ಕೆ ಕತ್ತರಿಸುವ ದಾರಿ. ಲಾರಿಗಳು ಊರೊಳಗೆ ಬರದೆ ಸುತ್ತಿಕೊಂಡು ಹೋಗಲಿ ಅಂತ ಮಾಡಿದ ರಸ್ತೆ ಅದು. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ ಅದರ ಎರಡೂ ಬದಿಗೆ ಟೆಕ್ ಪಾರ್ಕ್‌ಗಳು ಎದ್ದವು. ಲಕ್ಷಾಂತರ ಜನರ ಕೆಲಸ ಅಲ್ಲಿಗೆ ಹೋಯಿತು. ಹೊಸೂರು ರೈಲಿನ ಬೆಳ್ಳಂದೂರು ರೋಡ್, ಕಾರ್ಮೆಲರಾಂ ಸ್ಟೇಷನ್‌ಗಳು ಅಲ್ಲಿಂದ ಕೆಲವೇ ಕಿಲೋಮೀಟರ್. ನಡೆಯಲಾಗದಷ್ಟು ದೂರ, ಹೊಟ್ಟೆ ಉರಿಯುವಷ್ಟು ಹತ್ತಿರ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲಾ ತುಪ್ಪಕ್ಕೆ ಅಲೆದ ಹಾಗೆ ಅಂತಾರಲ್ಲ, ನನಗೆ ಆ ಗಾದೆಯೇ ನೆನಪಾಗುತ್ತದೆ.

ಆಮೇಲೆ ಮೆಟ್ರೋ ಆಫೀಸುಗಳನ್ನು ಹುಡುಕಿಕೊಂಡು ಹೋಗಬೇಕಾಯಿತು. ಎಲೆಕ್ಟ್ರಾನಿಕ್ ಸಿಟಿ ಶುರುವಾಗಿದ್ದು 1970ರ ದಶಕದ ಕೊನೆಯಲ್ಲಿ. ಅಲ್ಲಿಗೆ ಹಳದಿ ಮಾರ್ಗದ ಮೆಟ್ರೋ ಓಡಿದ್ದು 2025ರ ಆಗಸ್ಟ್‌ನಲ್ಲಿ. 45 ವರ್ಷ ದಾಟಿತು. ಅಲ್ಲಿ ಮೊದಲ ದಿನ ಕೆಲಸಕ್ಕೆ ಸೇರಿದವರು ನಿವೃತ್ತರಾದರು, ಅವರ ಮಕ್ಕಳು ಮೆಟ್ರೋ ಹತ್ತಿದರು. ವೈಟ್‌ಫೀಲ್ಡ್‌ಗೆ 2023ರಲ್ಲಿ ಬಂತು. ರಿಂಗ್ ರೋಡ್ ಮೇಲಿನ ಮಾರ್ಗಕ್ಕೆ, ಸುಮಾರು 20 ಕಿಲೋಮೀಟರ್, ಕೇಂದ್ರದ ಒಪ್ಪಿಗೆ ಸಿಕ್ಕಿದ್ದು 2021ರಲ್ಲಿ. ಅಷ್ಟರಲ್ಲಿ ಎರಡೂ ಬದಿ ತುಂಬಿಹೋಗಿತ್ತು. ತುಂಬಿದ ರಸ್ತೆಯ ಮಧ್ಯೆ ಕಂಬ ನಿಲ್ಲಿಸುವುದು ಎಂಥ ಕಷ್ಟದ ಕೆಲಸ ಅಂತ ಆ ರಸ್ತೆಯಲ್ಲಿ ಓಡಾಡುವ ನಿಮಗೇ ಗೊತ್ತು. 2019ರಲ್ಲಿ ಅದೇ ರಸ್ತೆಯಲ್ಲಿ ಬಸ್ಸಿಗೇ ಅಂತ ಒಂದು ಲೇನ್ ಬಿಟ್ಟಿದ್ದರು, ನೆನಪಿದೆಯಾ? ಒಳ್ಳೆಯ ಪ್ರಯತ್ನ ಅದು. ಮೆಟ್ರೋ ಕಾಮಗಾರಿ ಬಂದಾಗ ಅದು ಉಳಿಯಲಿಲ್ಲ. ಬೇಕಾಗಿದ್ದ ಎರಡು ಒಳ್ಳೆಯ ಕೆಲಸ ಒಂದೇ ಜಾಗಕ್ಕೆ ಕಿತ್ತಾಡಬೇಕಾದ ಸ್ಥಿತಿ.

ಹಾಗಾದರೆ ಕೋಪನ್‌ಹೇಗನ್ ಆಫೀಸುಗಳನ್ನು ಬೆರಳ ಮೇಲೆ ಹಿಡಿದು ನಿಲ್ಲಿಸಿದ್ದು ಹೇಗೆ? 600 ಮೀಟರ್ ಅನ್ನುವ ಒಂದು ಅಳತೆಯಿಂದ.

[ಪರದೆಯ ಮೇಲೆ ಸ್ಟೇಷನ್. ಸುತ್ತ ಒಂದು ವೃತ್ತ.]

ಅಲ್ಲಿನ ನಿಯಮ ಏನು ಅಂದರೆ, 1,500 ಚದರ ಮೀಟರ್‌ಗಿಂತ ದೊಡ್ಡ ಆಫೀಸು ಸ್ಟೇಷನ್‌ನಿಂದ 600 ಮೀಟರ್ ಒಳಗೆ ಇರಬೇಕು. ನಮ್ಮ ಲೆಕ್ಕದಲ್ಲಿ ಸುಮಾರು 16,000 ಚದರ ಅಡಿ. ವಿನಾಯಿತಿಗಳಿವೆ. ಮೂಲ ಅಳತೆ ಮಾತ್ರ ಅದು.

ಮನೆಗಿಂತ ಆಫೀಸಿಗೆ ಯಾಕೆ ಇಷ್ಟು ಬಿಗಿ? ಇದನ್ನು ಓದಿದಾಗ ನಾನು ಎದ್ದು ಕೋಣೆಯಲ್ಲೇ ಎರಡು ಸುತ್ತು ನಡೆದೆ, ಅಷ್ಟು ಖುಷಿಯಾಯಿತು. ಬೆಳಿಗ್ಗೆ ಮನೆಯಿಂದ ಹೊರಡುವಾಗ ನಿಮ್ಮ ಹತ್ತಿರ ಸೈಕಲ್ ಇರುತ್ತದೆ. ಸ್ಕೂಟರ್ ಇರುತ್ತದೆ. ಗಂಡನೋ ಹೆಂಡತಿಯೋ ಸ್ಟೇಷನ್‌ವರೆಗೆ ಬಿಡುತ್ತಾರೆ. ಎರಡು ಮೂರು ಕಿಲೋಮೀಟರ್ ಹೇಗೋ ಆಗುತ್ತದೆ. ರೈಲು ಇಳಿದ ಮೇಲೆ? ನಿಮ್ಮ ಸ್ಕೂಟರ್ ಮನೆ ಕಡೆಯ ಸ್ಟೇಷನ್‌ನಲ್ಲೇ ನಿಂತಿದೆ. ನಿಮ್ಮ ಹತ್ತಿರ ಉಳಿದಿರುವುದು ಎರಡು ಕಾಲು. ಆ ಕಾಲು ದಿನಾ ಬೇಸರವಿಲ್ಲದೆ ನಡೆಯುವ ದೂರ ಎಷ್ಟೋ, ಅಷ್ಟರಲ್ಲೇ ಆಫೀಸು ಇರಬೇಕು. ಇಲ್ಲದಿದ್ದರೆ ಆ ಮನುಷ್ಯ ಮೊದಲಿನಿಂದಲೇ ಕಾರು ತೆಗೆಯುತ್ತಾನೆ. ಮನೆ ಹತ್ತಿರ ಎಷ್ಟೇ ಚೆನ್ನಾದ ಸ್ಟೇಷನ್ ಕಟ್ಟಿದರೂ ಅವನಿಗೆ ಉಪಯೋಗವಿಲ್ಲ.

ಅಲ್ಲಿ ಇದಕ್ಕೆ ಇನ್ನೊಂದು ದಾರಿಯನ್ನೂ ಮಾಡಿದ್ದಾರೆ. 2010ರಿಂದ ಎಸ್-ಟ್ರೇನ್ ಅನ್ನುವ ಅವರ ಉಪನಗರ ರೈಲಿನಲ್ಲಿ ಸೈಕಲ್‌ಗೆ ಟಿಕೆಟ್ ಬೇಕಿಲ್ಲ. ಸೈಕಲ್ ಜೊತೆಗೇ ಇಳಿಯಬಹುದು.

ಈ 600 ಮೀಟರ್ ನಮ್ಮಲ್ಲಿ ಹೇಗಿರುತ್ತದೆ ಅಂತ ನೋಡಲು ನಾನು ಒಂದು ದಿನ ಸಂಜೆ ಆರಕ್ಕೆ ಒಂದು ಮೆಟ್ರೋ ಸ್ಟೇಷನ್ ಇಳಿದು ನಡೆದೆ. ಸುಮಾರು 800 ಹೆಜ್ಜೆ. ಎಂಟು ನಿಮಿಷ ಸಾಕು. ಮೆಟ್ಟಿಲ ಬುಡದಲ್ಲೇ ಆಟೋಗಳು. ಆಮೇಲೆ 50 ಮೀಟರ್ ಒಳ್ಳೆಯ ಫುಟ್‌ಪಾತ್, ಗ್ರಾನೈಟ್ ಕಲ್ಲು ಹಾಸಿದ್ದು. ಅದಾದ ಮೇಲೆ ಟ್ರಾನ್ಸ್‌ಫಾರ್ಮರ್. ರಸ್ತೆಗೆ ಇಳಿದೆ, ಮತ್ತೆ ಹತ್ತಿದೆ. ಕಬ್ಬಿನ ಹಾಲಿನ ಗಾಡಿ, ಅದರ ಮುಂದೆ ನಿಂತ ಜನ. ಮತ್ತೆ ಇಳಿದೆ. ಒಂದು ಕಡೆ ಚರಂಡಿ ಮೇಲಿನ ಚಪ್ಪಡಿ ಇರಲಿಲ್ಲ, ಯಾರೋ ಪುಣ್ಯಾತ್ಮರು ಒಂದು ಮರದ ಕೊಂಬೆ ನಿಲ್ಲಿಸಿ ಗುರುತು ಮಾಡಿದ್ದರು. ನನ್ನ ಮುಂದೆ ಒಬ್ಬ ಹೆಣ್ಣುಮಗಳು ಲ್ಯಾಪ್‌ಟಾಪ್ ಬ್ಯಾಗ್ ಹಾಕಿಕೊಂಡು ನಡೆಯುತ್ತಿದ್ದಳು. ಪ್ರತಿ ಸಲ ರಸ್ತೆಗೆ ಇಳಿಯುವ ಮೊದಲು ತಿರುಗಿ ಹಿಂದೆ ನೋಡುತ್ತಿದ್ದಳು. ದಿನಾ ಮಾಡಿ ರೂಢಿಯಾದವರು ನೋಡುವ ಹಾಗೆ. ನಾನು ಒಂಬತ್ತು ಸಲ ಇಳಿದು ಹತ್ತಿದೆ. ಹದಿಮೂರು ನಿಮಿಷ ಆಯಿತು.

ಮೆಟ್ರೋಗೆ ಸಾವಿರಾರು ಕೋಟಿ ಹಾಕಿದ ಮೇಲೆ ಈ 600 ಮೀಟರ್ ಸರಿ ಮಾಡದೆ ಬಿಡುವುದು ನನಗೆ ತುಂಬಾ ನೋವಿನ ವಿಷಯ. ರೈಲು ಮಾರ್ಗಕ್ಕೆ ಹೋಲಿಸಿದರೆ ಇದು ಚಿಲ್ಲರೆ ಖರ್ಚು.

[ಗಡಿಯಾರ.]

ಸಮಯ ಓಡುತ್ತಿದೆ. ಉಳಿದದ್ದನ್ನು ಒಟ್ಟಿಗೆ ಹೇಳಿಬಿಡುತ್ತೇನೆ.

ಕೋಪನ್‌ಹೇಗನ್‌ನವರ ಕೈಯಲ್ಲೂ ಒಂದು ಕೊರತೆ ಇತ್ತು. ಒಂದು ಬೆರಳಿಂದ ಇನ್ನೊಂದಕ್ಕೆ ಹೋಗಬೇಕಾದರೆ ಅಂಗೈಗೆ ಬಂದೇ ಹೋಗಬೇಕು. ಕೆಲಸಗಳು ಹೊರಗೆ ಹರಡಿದ ಹಾಗೆ ಅಡ್ಡ ಓಡಾಟ ಜಾಸ್ತಿ ಆಯಿತು. ಅದಕ್ಕೆ ಈಗ 28 ಕಿಲೋಮೀಟರ್‌ನ ಲೈಟ್ ರೈಲು ಬೆರಳುಗಳನ್ನು ಅಡ್ಡಕ್ಕೆ ಜೋಡಿಸುತ್ತಿದೆ. ಹಾಗಾಗಿ ನಮ್ಮ ರಿಂಗ್ ರೋಡ್ ಮೆಟ್ರೋ ಬೇಡ ಅಂತ ನಾನು ಹೇಳುತ್ತಿಲ್ಲ. ಅದು ಬೇಕೇ ಬೇಕು.

ದುಡ್ಡಿನ ವಿಷಯ. ಓರೆಸ್ಟಾಡ್ ಅನ್ನುವ ಹೊಸ ಬಡಾವಣೆಗೆ 1992ರಲ್ಲಿ ಕಾಯ್ದೆ ಮಾಡಿದರು. ಮೆಟ್ರೋ ಬರುತ್ತದೆ ಅಂದರೆ ಜಮೀನಿನ ಬೆಲೆ ಏರುತ್ತದೆ, ಆ ಜಮೀನು ಸಾರ್ವಜನಿಕರದ್ದು, ಅದನ್ನು ಮಾರಿದ ಹಣ ಮೆಟ್ರೋಗೆ. 2002ರಲ್ಲಿ ಮೆಟ್ರೋ ಓಡಿತು. ಅಂದುಕೊಂಡಷ್ಟು ವೇಗವಾಗಿ ಜಮೀನು ಮಾರಾಟವಾಗಲಿಲ್ಲ. ಆದರೆ ಬೆಲೆ ಏರಿದ ಲಾಭದಲ್ಲಿ ಊರಿಗೂ ಪಾಲು ಸಿಕ್ಕಿತು. ನಮ್ಮಲ್ಲಿ ಮೆಟ್ರೋ ಪಕ್ಕದ ಸೈಟಿನ ಲಾಭ ಯಾರ ಜೇಬಿಗೆ ಹೋಯಿತು? ಇದಕ್ಕೆ ಬೇರೆಯೇ ವಿಡಿಯೋ ಬೇಕು, ಮಾಡುತ್ತೇನೆ.

ನಮ್ಮ ಕಡೆ: ಬೆಂಗಳೂರಿನ ಪರಿಷ್ಕೃತ ಮಾಸ್ಟರ್ ಪ್ಲಾನ್ 2015ರವರೆಗಿನದು. 2031ರವರೆಗಿನ ಪ್ಲಾನ್‌ನ ಕರಡು ಬಂತು, 2020ರಲ್ಲಿ ವಾಪಸ್ ಹೋಯಿತು. ಬಸ್ಸು, ಮೆಟ್ರೋ, ರಸ್ತೆ, ರೈಲು ಎಲ್ಲರನ್ನೂ ಒಂದೇ ಮೇಜಿಗೆ ತರಲು ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರದ ಕಾಯ್ದೆ 2022ರಲ್ಲಿ ಬಂದಿದೆ. ಅದರ ಮೇಜಿನ ಮೇಲೆ ಒಂದು ಕೈ ಚಿತ್ರ ಇಡಬೇಕು ಅಂತ ನನ್ನ ಆಸೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಭರವಸೆ ಇರುವುದು ಉಪನಗರ ರೈಲಿನ ಮೇಲೆ. ನಾಲ್ಕು ಮಾರ್ಗ, ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ. ಒಟ್ಟು 148 ಕಿಲೋಮೀಟರ್. 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಆಯಿತು. ಇದು ಹೋಗುವುದು ನಮ್ಮ ಹಳೇ ಬೆರಳುಗಳ ಮೇಲೇ. ಕನಕ ಮಾರ್ಗ ಹೀಲಲಿಗೆಯಿಂದ ರಾಜಾನುಕುಂಟೆಗೆ, 46 ಕಿಲೋಮೀಟರ್. ಇದರ ಸ್ಟೇಷನ್‌ಗಳ ಸುತ್ತ ಇನ್ನೂ ಖಾಲಿ ಇರುವ ಜಾಗದಲ್ಲಿ ಏನು ಕಟ್ಟಬೇಕು, ಫುಟ್‌ಪಾತ್ ಎಲ್ಲಿ ಬರಬೇಕು ಅನ್ನುವುದನ್ನು ರೈಲು ಓಡುವ ಮೊದಲೇ ನಿರ್ಧಾರ ಮಾಡಬಹುದು. ಬೆಂಗಳೂರಿಗೆ ಹೆಬ್ಬೆರಳಿನ ಅವಕಾಶ ಇದು.

ಮುಂದಿನ ವಾರ ನಾವು ಹೀಲಲಿಗೆಗೆ ಹೋಗುತ್ತಿದ್ದೇವೆ. ಸ್ಟೇಷನ್ ಬಾಗಿಲಿಂದ 800 ಹೆಜ್ಜೆ, ನಾಲ್ಕೂ ದಿಕ್ಕಿಗೆ, ಕ್ಯಾಮೆರಾ ಹಿಡಿದು ನಡೆಯುತ್ತೇವೆ. ನೀವು ಆ ಕಡೆಯವರಾದರೆ ಯಾವ ಓಣಿಯಿಂದ ನಡೆಯಲು ಶುರು ಮಾಡಬೇಕು ಅಂತ ಬರೆದು ತಿಳಿಸಿ.