ಮನೆ ಇನ್ನೂ ಮುಗಿದಿಲ್ಲ, ಕಂಪ್ಲೀಷನ್ ಸರ್ಟಿಫಿಕೇಟ್ ಸಿಗುತ್ತಾ?

(ದೃಶ್ಯ: ಬಣ್ಣ ಕಾಣದ ಹಾಲ್. ವೈರಿಗೆ ನೇತಾಡುವ ಒಂದು ಬಲ್ಬು.)

ನಮಸ್ಕಾರ. ಇದು ನಮ್ಮ ಮನೆ, ಇಂಗ್ಲೆಂಡಿನಲ್ಲಿ. ಗೋಡೆಗೆ ಬಣ್ಣ ಇಲ್ಲ, ನೆಲಕ್ಕೆ ಟೈಲ್ಸ್ ಇಲ್ಲ. ಅಡುಗೆಮನೆ ಅಂದರೆ ಒಂದು ಸಿಂಕು, ಒಂದು ಹಳೇ ಮೇಜು, ಅದರ ಮೇಲೊಂದು ಮಿಕ್ಸಿ. ಆದರೂ ಈ ಮನೆಗೆ ಕಂಪ್ಲೀಷನ್ ಸರ್ಟಿಫಿಕೇಟ್ ಬಂದಿದೆ. ಲಂಚ ಕೊಟ್ಟಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಜಾಗ ಕೊಂಡು, ತಾವೇ ಮುಂದೆ ನಿಂತು ಮನೆ ಕಟ್ಟಿಸುವವರಿಗೆ ಇಲ್ಲಿ ಸೆಲ್ಫ್ ಬಿಲ್ಡರ್ ಅನ್ನುತ್ತಾರೆ. ನಮ್ಮೂರಲ್ಲಿ ಇದಕ್ಕೊಂದು ಹೆಸರೇ ಬೇಕಿಲ್ಲ, ಎಲ್ಲರೂ ಕಟ್ಟಿಸುವುದೇ ಹಾಗೆ. ಇಲ್ಲಿ ಪ್ಲಾನಿಂಗ್ ಪರ್ಮಿಷನ್ ಬೇರೆ, ಬಿಲ್ಡಿಂಗ್ ಕಂಟ್ರೋಲ್ ಬೇರೆ. ಈ ಜಾಗದಲ್ಲಿ ಇಂಥ ಮನೆ ಕಟ್ಟಬಹುದಾ ಅಂತ ನೋಡುವುದು ಪ್ಲಾನಿಂಗ್. ಕಟ್ಟಿದ್ದು ನಿಲ್ಲುತ್ತಾ, ಬೆಂಕಿ ಬಿದ್ದರೆ ಓಡಿಹೋಗಲು ದಾರಿ ಇದೆಯಾ, ಚಳಿ ಒಳಗೆ ನುಗ್ಗುತ್ತಾ ಅಂತ ನೋಡುವುದು ಬಿಲ್ಡಿಂಗ್ ಕಂಟ್ರೋಲ್. ಕೌನ್ಸಿಲ್‌ನವರೇ ಬರಬಹುದು, ಇಲ್ಲವೇ ನೋಂದಾಯಿತ ಖಾಸಗಿಯವರು. ಪಾಯ ತೋಡಿದಾಗ ಬರುತ್ತಾರೆ, ಚರಂಡಿ ಪೈಪು ಮುಚ್ಚುವ ಮುಂಚೆ ಬರುತ್ತಾರೆ, ಮಾಡು ಏರಿದಾಗ ಬರುತ್ತಾರೆ, ಕೊನೆಗೆ ಒಂದು ಕಾಗದ ಕೊಡುತ್ತಾರೆ, ಅದೇ ಕಂಪ್ಲೀಷನ್ ಸರ್ಟಿಫಿಕೇಟ್. ಬೆಂಗಳೂರಿನವರಿಗೆ ಹೇಳಬೇಕೆಂದರೆ, ಹೆಚ್ಚುಕಡಿಮೆ ಇಲ್ಲಿನ ಓಸಿ, ಅಂದರೆ ವಾಸಯೋಗ್ಯ ಅನ್ನುವ ಪತ್ರ.

ನಾವು 'ಮುಗಿಯಿತು' ಅನ್ನುವುದಕ್ಕೂ ಅವರು 'ಮುಗಿಯಿತು' ಅನ್ನುವುದಕ್ಕೂ ಅಜಗಜಾಂತರ.

(ದೃಶ್ಯ: ಮೆಟ್ಟಿಲು. ಕ್ಯಾಮೆರಾ ಕೆಳಗಿನ ಮೆಟ್ಟಿಲಿಗೆ ಹತ್ತಿರ.)

ಕೊನೆಯ ತಪಾಸಣೆಗೆ ಬಂದ ಇನ್‌ಸ್ಪೆಕ್ಟರ್ ಗೋಡೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಸೀದಾ ಇಲ್ಲಿಗೆ ಬಂದು ಟೇಪ್ ಎಳೆದರು. ಕಟಕಟೆಯ ಕಂಬಿಗಳ ನಡುವೆ 100 ಮಿಮೀ ಚೆಂಡು ತೂರಬಾರದು, ಮಕ್ಕಳು ನುಸುಳಿ ಬೀಳಬಾರದು ಅಂತ. ಅದು ಪಾಸ್. ಆಮೇಲೆ ಈ ಮೊದಲನೇ ಮೆಟ್ಟಿಲು ಅಳೆದರು, ಅದರ ಮೇಲಿನದನ್ನು ಅಳೆದರು, ಸುಮ್ಮನೆ ನನ್ನ ಮುಖ ನೋಡಿದರು. ನೆಲಕ್ಕೆ ಟೈಲ್ಸ್ ಹಾಕಿಲ್ಲವಲ್ಲ, ಹಾಗಾಗಿ ಮೊದಲನೇ ಮೆಟ್ಟಿಲು ಮಿಕ್ಕವಕ್ಕಿಂತ 20 ಮಿಮೀ ಎತ್ತರ ಆಗಿಬಿಟ್ಟಿತ್ತು! ಎಲ್ಲಾ ಮೆಟ್ಟಿಲೂ ಒಂದೇ ಎತ್ತರ ಇರಬೇಕು. ಕತ್ತಲಲ್ಲಿ ಇಳಿಯುವಾಗ ಲೆಕ್ಕ ಇಟ್ಟುಕೊಳ್ಳುವುದು ಕಾಲು, ಕಣ್ಣಲ್ಲ. ಅಂದು ಸಂಜೆಯೇ ಮೆಟ್ಟಿಲ ಬುಡದಲ್ಲಿ ಪ್ಲೈವುಡ್ ಹಾಸಿ ಸ್ಕ್ರೂ ಹೊಡೆದೆ. ನೋಡಿ, ಇನ್ನೂ ಇದೆ. ಅದಕ್ಕೆ ಒಪ್ಪಿದರು. ಟೈಲ್ಸ್ ಕೇಳಲಿಲ್ಲ.

ಹಾಗಾದರೆ ಏನೇನು ಇರಲೇಬೇಕು? ಟಾಯ್ಲೆಟ್, ಕೈತೊಳೆಯುವ ಬೇಸಿನ್, ಸ್ನಾನಕ್ಕೆ ಟಬ್ಬೋ ಶವರ್ರೋ ಒಂದು, ಅಡುಗೆಮನೆಗೆ ಸಿಂಕು. ಬಾಗಿಲಿಂದ ಒಳಗೆ ಬಂದ ಮಹಡಿಯಲ್ಲೇ ಒಂದು ಟಾಯ್ಲೆಟ್ ಇರಬೇಕು, ಅದನ್ನು 'ಆಮೇಲೆ ನೋಡೋಣ' ಅನ್ನುವಂತಿಲ್ಲ. ನಮ್ಮ ಮೇಲಿನ ಎರಡನೇ ಬಾತ್‌ರೂಮಿನಲ್ಲಿ ಪೈಪುಗಳ ಬಾಯಿ ಮುಚ್ಚಿ ಬಿಟ್ಟಿದ್ದೇನೆ, ಯಾರೂ ಏನೂ ಅನ್ನಲಿಲ್ಲ. ಹೊಗೆ ಅಲಾರಂ ಮಾತ್ರ ಕರೆಂಟಿನದ್ದೇ ಆಗಬೇಕು, ಬ್ಯಾಟರಿ ಬ್ಯಾಕಪ್ ಇರಬೇಕು, ಒಂದು ಕೂಗಿದರೆ ಎಲ್ಲವೂ ಕೂಗಬೇಕು. (ಗೃಹಪ್ರವೇಶಕ್ಕೆ ಹೋಮ ಮಾಡಿಸುವವರು ಇದನ್ನು ನೆನಪಿಡಿ. ನಮ್ಮ ಪುರೋಹಿತರು ಬೆಚ್ಚಿಬಿದ್ದಿದ್ದರು.)

ಗೃಹಪ್ರವೇಶ ಅಂದಾಗ ನೆನಪಾಯಿತು. ಅಮ್ಮ ಹಾಸನದಿಂದ ಫೋನ್ ಮಾಡಿ, "ಒಳ್ಳೇ ಮುಹೂರ್ತ ಇದೆ ಕಣೋ, ಹಾಲು ಉಕ್ಕಿಸಿಬಿಡು, ಮಿಕ್ಕಿದ್ದು ಆಮೇಲೆ ಮಾಡ್ಕೊಂಡ್ರಾಯ್ತು" ಅಂದರು. ಹಾಲು ಉಕ್ಕಿಸಲು ಇಲ್ಲಿ ಯಾರ ಅಪ್ಪಣೆಯೂ ಬೇಡ. ಆದರೆ ಕೆಲಸ ಮುಗಿಯುವ ಮುಂಚೆಯೇ ವಾಸಕ್ಕೆ ಹೋಗುವುದಾದರೆ ಬಿಲ್ಡಿಂಗ್ ಕಂಟ್ರೋಲ್‌ಗೆ ಕನಿಷ್ಠ 5 ದಿನ ಮುಂಚೆ ತಿಳಿಸಬೇಕು. ತಿಳಿಸಿದೆವು. ಮಲಗಿದ್ದು ಪ್ಲಾಸ್ಟರ್ ಧೂಳಿನಲ್ಲೇ, ಆ ಮಾತು ಬೇರೆ.

ಮನೆಗಿಂತ ಜಾಸ್ತಿ ತಲೆ ತಿಂದದ್ದು ಕಾಗದ. ಎಲೆಕ್ಟ್ರಿಷಿಯನ್ ಸರ್ಟಿಫಿಕೇಟ್, ಗಾಳಿ ಎಷ್ಟು ಸೋರುತ್ತದೆ ಅನ್ನುವ ಟೆಸ್ಟ್, ಎನರ್ಜಿ ಸರ್ಟಿಫಿಕೇಟ್, ಒಬ್ಬರಿಗೆ ದಿನಕ್ಕೆ 125 ಲೀಟರ್ ನೀರು ದಾಟುವುದಿಲ್ಲ ಅನ್ನುವ ಲೆಕ್ಕ. 2022ರ ಜೂನ್ 15ಕ್ಕೆ ಬಂದ ನಿಯಮದಂತೆ ಫೋಟೋಗಳೂ ಬೇಕು: ಗೋಡೆಯೊಳಗಿನ ಇನ್ಸುಲೇಷನ್, ಕಿಟಕಿ ಗೋಡೆಗೆ ಸೇರುವ ಮೂಲೆ, ಇಂಥವು, ಮುಚ್ಚಿಹೋಗುವ ಮುಂಚೆಯೇ ತೆಗೆದಿರಬೇಕು. ದಯವಿಟ್ಟು ದಿನಾ ತೆಗೆಯಿರಿ, ಬೋರ್ಡ್ ಹೊಡೆದ ಮೇಲೆ ಗೋಡೆ ಬಿಚ್ಚಿ ತೋರಿಸುವ ಗ್ರಹಚಾರ ಬೇಡ. 2023ರ ಅಕ್ಟೋಬರ್‌ನಿಂದ, ಕೆಲಸ ನಿಯಮದ ಪ್ರಕಾರ ಆಗಿದೆ ಎಂದು ನಾವೂ ಬರೆದು ಸಹಿ ಹಾಕಬೇಕು.

(ದೃಶ್ಯ: ಮೇಜಿನ ಮೇಲೆ ಬಿಲ್ಲುಗಳ ಕಟ್ಟು.)

ಇಷ್ಟು ಕೇಳಿ, ನಾಳೆಯೇ ಇನ್‌ಸ್ಪೆಕ್ಟರ್‌ಗೆ ಫೋನ್ ಮಾಡಿಬಿಡೋಣ ಅಂದುಕೊಂಡಿರಾ? ತಡೆಯಿರಿ. ಹೊಸ ಮನೆಗೆ ನಾವೇ ಅಂಗಡಿಯಲ್ಲಿ ಕೊಂಡ ಸಾಮಾನಿನ ಮೇಲೆ 20% ವ್ಯಾಟ್ (ನಮ್ಮ ಜಿಎಸ್‌ಟಿ ಥರದ ತೆರಿಗೆ) ಕಟ್ಟಿರುತ್ತೇವೆ, ಅದು ವಾಪಸ್ ಸಿಗುತ್ತದೆ. ಟೈಲ್ಸ್, ಕಿಚನ್ ಕ್ಯಾಬಿನೆಟ್ ಇವಕ್ಕೆಲ್ಲ ಉಂಟು. ಕಾರ್ಪೆಟ್ಟಿಗೆ, ಫ್ರಿಜ್ಜಿಗೆ ಇಲ್ಲ. ಆದರೆ ಅರ್ಜಿ ಒಂದೇ ಸಲ, ಮನೆ ಮುಗಿದ 6 ತಿಂಗಳೊಳಗೆ. 2023ರ ಡಿಸೆಂಬರ್ 5ಕ್ಕೆ ಮುಂಚೆ 3 ತಿಂಗಳಷ್ಟೇ ಇತ್ತು. ಮುಗಿದದ್ದು ಯಾವತ್ತು ಅನ್ನುವುದಕ್ಕೆ ಸಾಮಾನ್ಯವಾಗಿ ತೋರಿಸುವ ಕಾಗದ ಯಾವುದು ಹೇಳಿ? ಇದೇ ಸರ್ಟಿಫಿಕೇಟು. ಅಂದರೆ 'ಮುಗಿಯಿತು' ಅಂತ ಬರೆಸಿಕೊಂಡ ಮೇಲೆ ಕೊಳ್ಳುವ ಸಾಮಾನಿಗೆ ವ್ಯಾಟ್ ವಾಪಸ್ ಕೇಳಲು ಹೋದರೆ, ಮನೆ ಆಗಲೇ ಮುಗಿದಿತ್ತಲ್ಲ ಅನ್ನುತ್ತಾರೆ.

ನಮಗೆ ಬಾಕಿ ಇರುವ ಕಿಚನ್, ಟೈಲ್ಸ್ ಎಲ್ಲ ಸೇರಿ ವ್ಯಾಟ್ ಬಿಟ್ಟು 6,000 ಪೌಂಡು. ಅಲ್ಲಿಗೆ 1,200 ಪೌಂಡು ಕೈಬಿಟ್ಟಿತು. ಗೊತ್ತಿದ್ದೇ ಬಿಟ್ಟೆ. ಸಾಲದ ಕೊನೆಯ ಕಂತು ಸರ್ಟಿಫಿಕೇಟ್ ನೋಡಿದ ಮೇಲೇ ಬಿಡುಗಡೆ ಅಂತ ಬ್ಯಾಂಕಿನವರು ಕೂತಿದ್ದರು. ಆ ದುಡ್ಡು ಬರದೆ ಕಿಚನ್ ಇಲ್ಲ, ಕಿಚನ್ ಆಗಲಿ ಅಂತ ಕಾದರೆ ಆ ದುಡ್ಡು ಇಲ್ಲ. ನಿಮ್ಮ ಕೈಯಲ್ಲಿ ದುಡ್ಡು ಉಳಿದಿದ್ದರೆ ಮೊದಲು ಟೈಲ್ಸ್ ಹಾಕಿಸಿ, ಆಮೇಲೆ ಕರೆಯಿರಿ.

ಕಿಚನ್ ಮುಂದಿನ ತಿಂಗಳು ಬರುತ್ತದೆಯಂತೆ. ಅಲ್ಲಿಯವರೆಗೆ ರುಬ್ಬುವುದು ಈ ಮೇಜಿನ ಮೇಲೇ.

(ದೃಶ್ಯ: ಮಿಕ್ಸಿ ಸದ್ದು.)